ಹಿಂದಿನ ನಲ್ಲಿ

ಇಂದಿನ ಧಮ್ಮ ಚಿಂತನೆ



ಹೋದ ವಾರ ಗುಂಪಿಗೆ ಒಂದು ಫೋಟೊ ಹಾಕಿದ್ದೆ. ಮಗಳ ಮನೆಯ ಕಿಟಕಿಗೆ ಒಳಗಡೆಯಿಂದ ತೆಳುವಾದ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯಿಂದ ಅದನ್ನು ಬಿಗಿ ಮಾಡುತ್ತಾ ನಾನು ಸ್ಟೂಲಿನ ಮೇಲೆ ನಿಂತಿರುವ ಫೋಟೊ. ಅದನ್ನು ನೋಡಿ ನಮ್ಮ ತರುಣ ಉಪಾಸಕರೊಬ್ಬರು ಕೇಳಿದರು: "ಸರ್, ಎಲ್ಲವೂ ಅನಿತ್ಯ ಎಂದು ಭಾನುವಾರ ನೀವೇ ಪಾಠ ಮಾಡುತ್ತೀರಿ. ಒಂದು ಮನೆಗೆ ಇಷ್ಟೊಂದು ಕಾವಲು ಯಾಕೆ? ಇದು ಉಪಾದಾನ ಅಲ್ಲವೇ?" ಕೆಳಗೆ ನಾಲ್ಕೈದು ಜನ ಹೆಬ್ಬೆರಳು ಎತ್ತಿದ್ದರು. ನಾನು ಆಗ ಉತ್ತರ ಕೊಡಲಿಲ್ಲ. ಕೊಡುವುದಾದರೆ ಒಂದು ತಪ್ಪನ್ನೂ ಹೇಳಿಕೊಳ್ಳಬೇಕಿತ್ತು. ಇವತ್ತು ಎರಡನ್ನೂ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನಾನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರಿನಲ್ಲಿ. ಈ ರಾಜ್ಯದ ಹೆಸರೇ ಇಲ್ಲಿನ ಮೂಲನಿವಾಸಿ ಡಕೋಟಾ ಜನರ ಮಾತಿನಿಂದ ಬಂದದ್ದು, ಅದರ ಮೊದಲ ಭಾಗದ ಅರ್ಥ ನೀರು. ಜನವರಿಯಲ್ಲಿ ಇಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್ ಬರುತ್ತದೆ, ಕೆಲವು ವರ್ಷ ಮೈನಸ್ 30 ದಾಟುತ್ತದೆ. ನೆಲ ಎಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆಂದರೆ, ಮನೆಯ ತಳಪಾಯವನ್ನು ಕನಿಷ್ಠ 42 ಇಂಚು ಕೆಳಗೆ ಇಡಬೇಕೆಂದು ಈ ಕಡೆ ನಿಯಮವಿದೆ. ರಾಜ್ಯದ ಉತ್ತರ ಭಾಗದಲ್ಲಿ 60 ಇಂಚು. ನಮ್ಮ ಕಡೆ ಬಾವಿ ತೋಡುವಾಗ ಗಟ್ಟಿ ನೆಲ ಸಿಕ್ಕಿತು ಅನ್ನುತ್ತೇವಲ್ಲ, ಇಲ್ಲಿ ವರ್ಷಕ್ಕೊಮ್ಮೆ ಮೆತ್ತನೆ ಮಣ್ಣೇ ಬಂಡೆಯಾಗುತ್ತದೆ.

ಅಕ್ಟೋಬರ್ ಬಂತೆಂದರೆ ಮನೆ ಮನೆಯಲ್ಲೂ ಕೆಲಸ. ಅಕ್ಟೋಬರ್ 14 ನಮಗೆ ದೀಕ್ಷೆಯ ದಿನ. ಬೆಳಿಗ್ಗೆ ತ್ರಿಸರಣ, ಪಂಚಶೀಲ, ಬಾಬಾಸಾಹೇಬರ 22 ಪ್ರತಿಜ್ಞೆಗಳನ್ನು ಹೇಳಿಕೊಂಡು ಮಗಳೂ ನಾನೂ ಅಂಗಳಕ್ಕಿಳಿಯುತ್ತೇವೆ. ಸೂರಿನ ದೋಣಿಯಲ್ಲಿ ತುಂಬಿದ ಎಲೆ ತೆಗೆಯಬೇಕು, ಇಲ್ಲದಿದ್ದರೆ ಕರಗಿದ ಹಿಮದ ನೀರಿಗೆ ಹೋಗಲು ದಾರಿಯಿಲ್ಲ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಬೇಕು, ಒಲೆಯಂತ್ರದ ಫಿಲ್ಟರ್ ಬದಲಿಸಬೇಕು. ಮೊದಲ ಇಬ್ಬನಿ ಹೆಪ್ಪುಗಟ್ಟಿ ಡೇಲಿಯಾ ಗಿಡದ ಎಲೆ ಕಪ್ಪಾದ ಮೇಲೆ ಅದರ ಗೆಡ್ಡೆ ಅಗೆದು, ಒಣಗಿಸಿ, ನೆಲಮಾಳಿಗೆಯಲ್ಲಿ ಮರದ ಹೊಟ್ಟಿನೊಳಗೆ ಇಡಬೇಕು. ಗುಲಾಬಿ ಬುಡಕ್ಕೆ ಮಣ್ಣು ಏರಿಸಬೇಕು. ಬುಡಕ್ಕೆ ಹುಲ್ಲು ಹೊದಿಸುವುದು ಗಿಡ ಬೆಚ್ಚಗಿರಲಿ ಎಂದು ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಒಮ್ಮೆ ಹೆಪ್ಪುಗಟ್ಟಿದ ನೆಲ ಹಾಗೇ ಇರಲಿ, ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಬೇರನ್ನು ಮೇಲಕ್ಕೆ ಕಿತ್ತು ಹಾಕದಿರಲಿ ಎಂದು.

ಮಗಳು ಕುಂಡದಲ್ಲಿ ಒಂದು ಅರಳಿ ಸಸಿ ಬೆಳೆಸಿದ್ದಾಳೆ. ಬೋಧಿವೃಕ್ಷಕ್ಕೆ ಈ ಚಳಿ ಒಂದು ರಾತ್ರಿಯೂ ಆಗದು. ಸೆಪ್ಟೆಂಬರ್‌ನಲ್ಲೇ ಒಳಗೆ ತರುತ್ತೇವೆ. ಒಳಗೆ ಬೆಳಕು ಕಡಿಮೆ, ಹಾಗಾಗಿ ಅದು ಎಲೆ ಉದುರಿಸಿ ಬೋಳಾಗುತ್ತದೆ. ಮೊದಲ ವರ್ಷ ಸತ್ತೇ ಹೋಯಿತೆಂದು ಅವಳು ಅತ್ತಿದ್ದಳು.

ಬೆಳ್ಳುಳ್ಳಿಯ ಕಥೆ ಬೇರೆ. ಅದನ್ನು ಅಕ್ಟೋಬರ್‌ನಲ್ಲಿ ನೆಟ್ಟು, ಹುಲ್ಲು ಮುಚ್ಚಿ, ಚಳಿಗೇ ಬಿಡುತ್ತಾರೆ. ಚಳಿ ತಿನ್ನದ ಬೆಳ್ಳುಳ್ಳಿ ಎಸಳಾಗಿ ಒಡೆಯದೆ ಒಂದೇ ಗುಂಡಾಗಿ ಉಳಿದುಬಿಡುತ್ತದಂತೆ. ಇದನ್ನು ನಮ್ಮ ಗುಂಪಿನ ಯಾರಾದರೂ ಎತ್ತಿಕೊಂಡು "ಕಷ್ಟ ಬಂದರೇನೇ ಮನುಷ್ಯ ಬೆಳೆಯುವುದು" ಎಂದು ನಾಳೆ ಬೆಳಗಿನ ಸಂದೇಶ ಮಾಡುತ್ತಾರೆಂದು ನನಗೆ ಗೊತ್ತು. ದಯವಿಟ್ಟು ಬೇಡ. ಆ ಮಾತನ್ನು ನಮಗೆ ಕಷ್ಟ ಕೊಟ್ಟವರೇ ಹೆಚ್ಚು ಹೇಳಿದ್ದಾರೆ. ಬೆಳ್ಳುಳ್ಳಿಗೂ ನಾವು ಹುಲ್ಲು ಹೊದಿಸಿಯೇ ಚಳಿಗೆ ಬಿಡುವುದು.

ಈಗ ನಲ್ಲಿಯ ವಿಷಯಕ್ಕೆ ಬರುತ್ತೇನೆ.

ಈ ಮನೆಗೆ ಹೊರಗೋಡೆಯಲ್ಲಿ ಎರಡು ನಲ್ಲಿ. ಮುಂದೆ ಒಂದು, ಹಿಂದೆ ಒಂದು. ಚಳಿದೇಶದ ನಲ್ಲಿ ನಮ್ಮ ನಲ್ಲಿಯ ಹಾಗಲ್ಲ. ಹೊರಗೆ ನಾವು ತಿರುಗಿಸುವುದು ಹಿಡಿಯನ್ನು ಮಾತ್ರ, ನೀರನ್ನು ತಡೆಯುವ ಬಿರಡೆ ಒಂದು ಅಡಿ ಒಳಗೆ, ಗೋಡೆಯ ಆಚೆ ಬೆಚ್ಚನೆಯ ಜಾಗದಲ್ಲಿರುತ್ತದೆ. ನಲ್ಲಿ ಮುಚ್ಚಿದಾಗ ನಡುವಿನ ಕೊಳವೆಯ ನೀರು ಹೊರಗೆ ಸೋರಿ ಖಾಲಿಯಾಗುತ್ತದೆ. ಖಾಲಿ ಕೊಳವೆಯಲ್ಲಿ ಹೆಪ್ಪುಗಟ್ಟಲು ಏನೂ ಇಲ್ಲ. ಬಹಳ ಜಾಣತನದ ಕೆಲಸ. ಆದರೆ ನಲ್ಲಿಯ ಬಾಯಿಗೆ ತೋಟದ ರಬ್ಬರ್ ಪೈಪು ಸಿಕ್ಕಿಸಿಯೇ ಬಿಟ್ಟರೆ ಆ ನೀರು ಹೊರಗೆ ಹೋಗಲಾರದು, ಒಳಗೇ ನಿಲ್ಲುತ್ತದೆ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ತಾಮ್ರದ ಕೊಳವೆ ಸೀಳುತ್ತದೆ.

ಸೀಳಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಸೀಳು ಇರುವುದು ಬಿರಡೆಯಿಂದ ಈಚೆ, ಮುಚ್ಚಿದ ನಲ್ಲಿಯಲ್ಲಿ ಅಲ್ಲಿಗೆ ನೀರೇ ಬರುವುದಿಲ್ಲ. ಚಳಿಗಾಲವಿಡೀ ಎಲ್ಲ ಸರಿಯಿರುವ ಹಾಗೆಯೇ ಕಾಣುತ್ತದೆ. ಮೇ ತಿಂಗಳಲ್ಲಿ ಗಿಡಕ್ಕೆ ನೀರು ಬಿಡಲು ನಲ್ಲಿ ತಿರುಗಿಸಿದ ದಿನ ನೀರು ಗೋಡೆಯೊಳಗೆ ಸುರಿಯುತ್ತದೆ.

ಎರಡು ವರ್ಷದ ಹಿಂದಿನ ಅಕ್ಟೋಬರ್. ನಾನು ಮೊದಲ ಸಲ ಇಲ್ಲಿಗೆ ಬಂದಿದ್ದೆ. ನಿಮ್ಮಲ್ಲಿ ಹಲವರಿಗೆ ಗೊತ್ತು, 31 ವರ್ಷ ನೀರು ಸರಬರಾಜಿನಲ್ಲಿ ವಾಲ್ವ್ ತಿರುಗಿಸಿದವನು ನಾನು. ಮಗಳು ಪಟ್ಟಿ ಮಾಡಿ ಕೊಟ್ಟಳು, ನಾನು ಅದನ್ನು ಸರಿಯಾಗಿ ಓದಲೂ ಇಲ್ಲ. ನೀರಿನ ವಿಷಯ ನನಗೆ ಹೇಳಿಕೊಡಬೇಕೇ? ಮುಂದಿನ ನಲ್ಲಿಯ ಪೈಪು ಬಿಚ್ಚಿದೆ, ಸುತ್ತಿ ಇಟ್ಟೆ. ಹಿಂದಕ್ಕೆ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ಬೆರಳು ಮರಗಟ್ಟಿದ್ದವು. ಪೈಪಿನ ಹಿತ್ತಾಳೆ ತಿರುಪು ಬಿಗಿಯಾಗಿತ್ತು, ಒಂದೆರಡು ಸಲ ತಿರುಗಿಸಿ ನೋಡಿದೆ, ಬರಲಿಲ್ಲ. ನಾಳೆ ನೋಡೋಣವೆಂದು ಒಳಗೆ ಬಂದೆ. ಮಗಳು ಅಡುಗೆಮನೆಯಿಂದಲೇ ಕೇಳಿದಳು, "ಅಪ್ಪ, ಎರಡೂ ಬಿಚ್ಚಿದ್ರಾ?" ನಾನು ಹೇಳಿದೆ, "ಎಲ್ಲಾ ಆಯ್ತಮ್ಮ."

ನಾಳೆ ಮರೆತೆ. ಡಿಸೆಂಬರ್‌ನಲ್ಲಿ ಊರಿಗೆ ಬಂದೆ. 6ನೇ ತಾರೀಕು ನಿಮ್ಮೊಂದಿಗೆ ಮೋಂಬತ್ತಿ ಹಿಡಿದು ಪರಿನಿಬ್ಬಾಣ ದಿನದ ಮೆರವಣಿಗೆಯಲ್ಲಿ ನಡೆದೆ.

ಮೇ ತಿಂಗಳಲ್ಲಿ ಮಗಳ ವಿಡಿಯೊ ಕರೆ ಬಂತು. ಅವಳು ಸಸಿಗಳಿಗೆ ನೀರು ಬಿಟ್ಟು ಅರ್ಧ ಗಂಟೆ ಬೇರೆ ಕೆಲಸದಲ್ಲಿದ್ದಳು. ಅಷ್ಟರಲ್ಲಿ ನೆಲಮಾಳಿಗೆಯ ಕೋಣೆಯಲ್ಲಿ ಗೋಡೆಯಿಂದ ನೀರು ಇಳಿದು ನಿಂತಿತ್ತು. ಆ ಕೋಣೆಯಲ್ಲಿ ಬಾಡಿಗೆಗೆ ಇರುವವನು ಘಾನಾ ದೇಶದಿಂದ ಓದಲು ಬಂದ ಹುಡುಗ. ಆಗ ಅವನು ಗ್ರಂಥಾಲಯದಲ್ಲಿದ್ದ. ಅವನ ಹಾಸಿಗೆ, ಪುಸ್ತಕ ಎಲ್ಲ ನೆನೆದವು. ಅವಕ್ಕೆ ಮಗಳು ದುಡ್ಡು ಕೊಟ್ಟಳು. ಆದರೆ ನೆಲದ ಮೇಲಿಟ್ಟಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ತೀರಿಕೊಂಡ ಅವನ ತಂದೆಯ ಕೈಬರಹದ ಒಂದು ಡೈರಿ ಇತ್ತು. ಶಾಯಿಯಲ್ಲಿ ಬರೆದದ್ದು. ಅದಕ್ಕೆ ಯಾರು ಏನು ಕೊಡಲಾದೀತು?

ಮಗಳು ಫೋನಿನಲ್ಲಿ ಪೈಪು ಸಿಕ್ಕಿಸಿಯೇ ಇತ್ತೆಂದು ಹೇಳಲಿಲ್ಲ. ಅವಳಿಗೆ ಅದು ಹೊಳೆದಿರಲಿಲ್ಲವೋ, ಹೊಳೆದೂ ನನ್ನ ಮರ್ಯಾದೆಗಾಗಿ ಸುಮ್ಮನಿದ್ದಳೋ. ನಾನು ಹೇಳಿದ ಮೊದಲ ಮಾತು: "ಅಲ್ಲಿನವರ ಪ್ಲಂಬಿಂಗ್ ಕೆಲಸವೇ ಸರಿ ಇಲ್ಲ ಬಿಡು." ಅವತ್ತು ಸಂಜೆ ನಮ್ಮ ನೆಂಟರೊಬ್ಬರು ಮನೆಗೆ ಬಂದಿದ್ದರು. ವಿಷಯ ಕೇಳಿ, "ಪಾಪ, ಆ ಹುಡುಗನ ಗ್ರಹಚಾರ. ಅವನ ಕರ್ಮ ಹಾಗಿತ್ತು" ಎಂದರು. ಬಂಧುಗಳೇ, ಆ ಮಾತು ಕೇಳಿದಾಗ ನನ್ನ ಎದೆ ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

40 ವರ್ಷದಿಂದ ಆ ಸಿದ್ಧಾಂತದ ವಿರುದ್ಧ ಮಾತಾಡಿದವನು ನಾನು. ಅದು ಯಾರನ್ನು ಸಮಾಧಾನಪಡಿಸಲು ಹುಟ್ಟಿದೆ ಎಂಬುದು ನನಗೆ ಅವತ್ತು ಗೊತ್ತಾಯಿತು. ನೊಂದವನನ್ನಲ್ಲ. ಪೈಪು ಬಿಚ್ಚದೆ ಒಳಗೆ ಬಂದವನನ್ನು. ನಮ್ಮಜ್ಜನ ಕೇರಿಗೆ ನೀರಿರಲಿಲ್ಲ ಎಂದರೆ ಅದು ಅವನ ಹಿಂದಿನ ಜನ್ಮದ ಫಲ ಎಂದು ಹೇಳಿದವರೂ ಹೀಗೆಯೇ ನಿದ್ದೆ ಮಾಡಿರಬೇಕು.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಕಮ್ಮದ ಬಗ್ಗೆ ಬರೆದದ್ದನ್ನು ಮತ್ತೆ ತೆಗೆದು ಓದಿದೆ. ನಾವು ಆ ಭಾಗವನ್ನು ಅಧ್ಯಯನ ವರ್ಗದಲ್ಲಿ ಎರಡು ಸಲ ಮುಗಿಸಿದ್ದೇವೆ, ಆದರೆ ಬೇರೆಯವರನ್ನು ಖಂಡಿಸಲು ಓದಿದ್ದೆವು. ಅವರ ಮಾತಿನ ಸಾರ ಇಷ್ಟು: ಕಮ್ಮ ನಿಯಮವೆಂಬುದು ಒಬ್ಬೊಬ್ಬನ ಅದೃಷ್ಟ ದುರದೃಷ್ಟದ ಲೆಕ್ಕಪುಸ್ತಕವಲ್ಲ. ಅದು ಲೋಕದ ನೈತಿಕ ವ್ಯವಸ್ಥೆ ನಿಲ್ಲುವ ಬಗೆ. ಮನುಷ್ಯರು ಬರುತ್ತಾರೆ, ಹೋಗುತ್ತಾರೆ. ಅವರು ಮಾಡಿದ ಕುಶಲ ಅಕುಶಲಗಳಿಂದ ಎಲ್ಲರೂ ಬದುಕಬೇಕಾದ ಆ ವ್ಯವಸ್ಥೆ ಒಳ್ಳೆಯದಾಗುತ್ತದೆ ಅಥವಾ ಕೆಡುತ್ತದೆ. ಮಾಡಿದವನಿಗೇ ತಿರುಗಿ ಬರುತ್ತದೆಂಬ ಭರವಸೆ ಅದರಲ್ಲಿಲ್ಲ. ಮೊದಲು ಓದಿದಾಗ ಇದು ನನಗೆ ಸ್ವಲ್ಪ ಒಣ ಅನ್ನಿಸಿತ್ತು. ಮಾಡಿದವನು ಅನುಭವಿಸಲಿ ಎಂಬ ಆಸೆ ನಮಗೂ ಇದೆಯಲ್ಲ, ಯಾಕಿರಬಾರದು? ಆದರೆ ನಲ್ಲಿಯ ವಿಷಯದಲ್ಲಿ ನಡೆದದ್ದು ಇದೇ. ಅಕ್ಟೋಬರ್‌ನಲ್ಲಿ ಪ್ರಮಾದ ನನ್ನದು. ಮೇ ತಿಂಗಳಲ್ಲಿ ನೀರು ಹೋದದ್ದು ಅವನ ತಂದೆಯ ಅಕ್ಷರದ ಮೇಲೆ. ನಾನು ಆಗ 13,000 ಕಿಲೊಮೀಟರ್ ಆಚೆ ಕೋಲಾರದ ಬಿಸಿಲಲ್ಲಿ ಮಾವಿನಹಣ್ಣು ತಿನ್ನುತ್ತಿದ್ದೆ. ನನಗೆ ಏನೂ ಆಗಲಿಲ್ಲ.

ಮಾಡಿದವನಿಗೇ ತಿರುಗಿ ಬರುವುದಾಗಿದ್ದರೆ ಜಾಗರೂಕತೆ ಎಂಬುದು ಬರೀ ಸ್ವಾರ್ಥವಾಗುತ್ತಿತ್ತು. ಬರುವುದಿಲ್ಲವಾದ್ದರಿಂದಲೇ ಅದು ಶೀಲ ಅನ್ನಿಸಿಕೊಂಡಿದೆ ಎಂದು ನನಗೆ ತೋರುತ್ತದೆ.

ಇನ್ನು ಆ ತರುಣರ ಪ್ರಶ್ನೆ. ಮನೆಗೆ ಚಳಿ ಬಾರದಂತೆ ಮಾಡುವುದು ಉಪಾದಾನವೇ?

ಅಂಗುತ್ತರ ನಿಕಾಯದಲ್ಲಿ ಆಳವಿಯ ಹತ್ಥಕನ ಪ್ರಸಂಗವಿದೆ. ಮಾಘ ಕಳೆದು ಫಾಲ್ಗುಣ ಹಿಡಿಯುವ ಎಂಟು ದಿನಗಳ ಕೊರೆಯುವ ಚಳಿ. ದನಗಳ ಗೊರಸಿನಿಂದ ತುಳಿದು ಗಟ್ಟಿಯಾದ ನೆಲದಲ್ಲಿ ತೆಳುವಾಗಿ ಎಲೆ ಹಾಸಿಕೊಂಡು ಭಗವಾನರು ಇರುಳು ಕಳೆದಿದ್ದಾರೆ. ಸುಖವಾಗಿ ನಿದ್ದೆ ಬಂತೇ ಎಂದು ಹತ್ಥಕ ಕೇಳುತ್ತಾನೆ. ಬಂತು ಎನ್ನುತ್ತಾರೆ. ಗಾಳಿ ನುಗ್ಗದ, ಕಿಟಕಿ ಬಾಗಿಲು ಭದ್ರವಾಗಿರುವ ಮಹಡಿಮನೆಯಲ್ಲಿ ಮೆತ್ತನೆ ಮಂಚದ ಮೇಲೆ ಮಲಗಿದವನೂ ರಾಗ ದ್ವೇಷ ಮೋಹದಲ್ಲಿ ಉರಿಯುತ್ತಿದ್ದರೆ ಅವನಿಗೆ ನಿದ್ದೆಯೆಲ್ಲಿ ಎಂದು ಕೇಳುತ್ತಾರೆ. ನಮ್ಮ ತರುಣ ಉಪಾಸಕರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಆದರೆ ವಿನಯ ಪಿಟಕದಲ್ಲಿ ಇನ್ನೊಂದು ರಾತ್ರಿಯೂ ಇದೆ. ಅದೇ ಎಂಟು ದಿನಗಳ ಚಳಿ, ಜಾಗ ವೇಸಾಲಿ. ಅಲ್ಲಿಗೆ ಬರುವ ದಾರಿಯಲ್ಲಿ ಭಗವಾನರು ಕೆಲವು ಭಿಕ್ಖುಗಳನ್ನು ನೋಡಿದ್ದರು. ತಲೆಯ ಮೇಲೆ, ಹೆಗಲ ಮೇಲೆ, ಸೊಂಟದ ಮೇಲೆ ಚೀವರದ ಗಂಟು ಹೊತ್ತು ಬರುತ್ತಿದ್ದರು. ಇದು ಅತಿಯಾಯಿತು, ಒಂದು ಮಿತಿ ಹಾಕಬೇಕು ಎಂದುಕೊಂಡರು. ಮಿತಿ ಎಷ್ಟು? ಅದನ್ನು ಕುಳಿತಲ್ಲೇ ಹೇಳಿಬಿಡಲಿಲ್ಲ. ಇರುಳು ಬಯಲಿನಲ್ಲಿ ಒಂದೇ ಚೀವರ ಹೊದ್ದು ಕೂತರು. ಮೊದಲ ಜಾವದ ಕೊನೆಗೆ ಚಳಿಯಾಯಿತು, ಎರಡನೆಯದು ಹೊದ್ದರು. ನಡುಜಾವದ ಕೊನೆಗೆ ಮತ್ತೆ ಚಳಿ, ಮೂರನೆಯದು. ಕೊನೆಯ ಜಾವ ಮುಗಿದು ಬೆಳಕು ಹರಿಯುವಾಗ ನಾಲ್ಕನೆಯದು. ಆಮೇಲೆ ಚಳಿಯಾಗಲಿಲ್ಲ. ಆಗ ನಿಯಮ ಮಾಡಿದರು: ಭಿಕ್ಖುವಿಗೆ ಮೂರು ಚೀವರ, ಅದರಲ್ಲಿ ಹೊರಗಿನದು ಎರಡು ಪದರದ್ದು. ಎಣಿಸಿ ನೋಡಿ, ನಾಲ್ಕು ಪದರ ಆಯಿತು. ಆ ಲೆಕ್ಕ ಹಾಕುವಾಗ ಅವರ ಮನಸ್ಸಿನಲ್ಲಿದ್ದವರು ಚಳಿ ತಡೆಯುವ ಗಟ್ಟಿಗರಲ್ಲ. ಚಳಿಗೆ ಹೆದರುವ, ಚಳಿ ತಾಳದ ಮೈಯವರು. ಅವರಿಗೂ ಸಾಲುವಷ್ಟು ಎಂದು.

ನನ್ನ ಮಟ್ಟಿಗೆ ಈ ಎರಡು ರಾತ್ರಿಗಳಲ್ಲಿ ವಿರೋಧವಿಲ್ಲ. ತನ್ನ ಪಾಲಿಗೆ ಎಲೆಯ ಹಾಸಿಗೆ ಸಾಕು ಎಂದವರೇ, ಇನ್ನೊಬ್ಬರ ಪಾಲಿಗೆ ಎಷ್ಟು ಬೇಕೆಂದು ತನ್ನ ಮೈಯನ್ನು ಚಳಿಗೊಡ್ಡಿ ಅಳೆದರು. ಅನಿತ್ಯ ಎಂಬ ಮಾತನ್ನು ನಾನು ನನ್ನ ಕೋಟಿನ ಬಗ್ಗೆ ಹೇಳಿಕೊಳ್ಳಬಹುದು. ನೆಲಮಾಳಿಗೆಯ ಹುಡುಗನ ಡೈರಿ ನೆನೆದಾಗ "ಎಲ್ಲವೂ ಅನಿತ್ಯ ಕಣಪ್ಪ" ಎಂದು ಹೇಳಿದರೆ ಅದು ಧಮ್ಮವಲ್ಲ, ಲಫಂಗತನ.

ಇದು ಒಂದು ಮನೆಯ ಮಾತೂ ಅಲ್ಲ. ಇದೇ ದೇಶದ ದಕ್ಷಿಣದಲ್ಲಿ ಟೆಕ್ಸಸ್ ಇದೆ. 2021ರ ಫೆಬ್ರುವರಿಯಲ್ಲಿ ಅಲ್ಲಿ ಶೀತಗಾಳಿ ಹೊಡೆಯಿತು, ಡಲ್ಲಾಸ್‌ನಲ್ಲಿ ಮೈನಸ್ 18ಕ್ಕಿಂತ ಕೆಳಗೆ ಹೋಯಿತು. ಮಿನೆಸೋಟಾದ ಮಕ್ಕಳು ಶಾಲೆಗೆ ಹೋಗುವ ಚಳಿ ಅದು. ಅಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕರೆಂಟು ಹೋಯಿತು, ಕೊಳವೆಗಳು ಒಡೆದವು, ರಾಜ್ಯದ ಆರೋಗ್ಯ ಇಲಾಖೆಯ ಲೆಕ್ಕದಲ್ಲೇ 246 ಜನ ಸತ್ತರು. ನೈಸರ್ಗಿಕ ವಿಕೋಪ ಎಂದು ಎಲ್ಲರೂ ಅಂದರು. ಆದರೆ ಹತ್ತು ವರ್ಷದ ಹಿಂದೆ, 2011ರ ಫೆಬ್ರುವರಿಯಲ್ಲೂ ಅಲ್ಲಿ ಹೀಗೇ ಆಗಿತ್ತು. ವಿದ್ಯುತ್ ಸ್ಥಾವರಗಳನ್ನೂ ಅನಿಲದ ಬಾವಿಗಳನ್ನೂ ಚಳಿಗೆ ಸಿದ್ಧ ಮಾಡಿ ಎಂದು ಕೇಂದ್ರದ ತನಿಖಾ ವರದಿ ಆಗಲೇ ಹೇಳಿತ್ತು. ಬಲವಂತ ಮಾಡಲಿಲ್ಲ, ಬಹಳಷ್ಟು ಕಡೆ ಆಗಲಿಲ್ಲ. ಆ ಹತ್ತು ವರ್ಷ ಎಲ್ಲ ಸರಿಯಿದ್ದ ಹಾಗೆಯೇ ಕಂಡಿತು.

ಮಿನೆಸೋಟಾದಲ್ಲಿ ಒಂದು ಕಾನೂನಿದೆ, ಕೋಲ್ಡ್ ವೆದರ್ ರೂಲ್ ಅನ್ನುತ್ತಾರೆ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ, ಬಿಲ್ ಕಟ್ಟಲಾಗದ ಮನೆಯವರು ಕಂತಿನಲ್ಲಿ ಕಟ್ಟುತ್ತೇವೆಂದು ಒಪ್ಪಂದ ಮಾಡಿಕೊಂಡು ಅದರಂತೆ ನಡೆದರೆ ಮನೆ ಬೆಚ್ಚಗಿಡುವ ವಿದ್ಯುತ್ತನ್ನೋ ಅನಿಲವನ್ನೋ ಕಡಿಯುವ ಹಾಗಿಲ್ಲ. ಇದನ್ನು ಓದಿದಾಗ ನನಗೆ ವೇಸಾಲಿಯ ರಾತ್ರಿಯೇ ನೆನಪಾಯಿತು. ಕರುಣೆ ಬಂದಾಗ ಕಂಬಳಿ ಹಂಚುವುದು ಒಂದು ಬಗೆ. ಬಾಬಾಸಾಹೇಬರು ಹಂಚಿದ್ದು ಕಂಬಳಿಯನ್ನಲ್ಲ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಬೆಂಗಳೂರಿನ ಬೀದಿ ಗುಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಪದರ ಬಟ್ಟೆ ಬೇಕೆಂದು ಯಾವ ಅಧಿಕಾರಿ ಬಯಲಿನಲ್ಲಿ ಕೂತು ಅಳೆದಿದ್ದಾನೆ?

ನಮ್ಮಜ್ಜನ ಮಾತು ಹೇಳಿ ಮುಗಿಸುತ್ತೇನೆ. ಅವನು ನೀರಗಂಟಿ. ಕೋಲಾರದ ಕಡೆಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮದು ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಕೆರೆಯೇ ಎಲ್ಲ. ಕೆರೆಯ ತೂಬು ತೆಗೆಯುವವನು, ಮುಚ್ಚುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ನೀರಗಂಟಿ. ಆ ಕೆಲಸ ನಮ್ಮ ಜನರದ್ದು. ಸುಗ್ಗಿಯಲ್ಲಿ ಒಂದಿಷ್ಟು ಧಾನ್ಯ ಆಯ ಕೊಡುತ್ತಿದ್ದರು. ಊರಿನ ಅಷ್ಟೂ ಗದ್ದೆಗೆ ನೀರು ಹಂಚಿದ ಅಜ್ಜ, ಊರ ಬಾವಿಯ ಕಟ್ಟೆ ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದ ಸುದ್ದಿ ಅಜ್ಜನಿಗೆ ತಲುಪಿದ್ದು ಎಷ್ಟೋ ವರ್ಷದ ಮೇಲೆ.

ಮಳೆಗಾಲದ ರಾತ್ರಿ ಮಳೆ ಜೋರಾದರೆ ಅಜ್ಜ ಎದ್ದು ಕೆರೆಕಟ್ಟೆಗೆ ಹೋಗುತ್ತಿದ್ದನಂತೆ. ಏರಿ ಒಡೆದರೆ ಮುಳುಗುವುದು ಅವನನ್ನು ದೂರ ನಿಲ್ಲಿಸಿದವರ ಗದ್ದೆ. ಅಪ್ಪ ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದನಂತೆ, "ಒಡೆದುಹೋಗಲಿ ಬಿಡು, ನಿನಗೇನು?" ಅಜ್ಜ ಏನು ಉತ್ತರ ಕೊಟ್ಟ ಎಂದು ಅಪ್ಪನಿಗೆ ನೆನಪಿರಲಿಲ್ಲ. ಲಾಟೀನು ಹಿಡಿದು ಹೋದದ್ದು ಮಾತ್ರ ನೆನಪಿತ್ತು. ಅದು ಸರಿಯೋ, ಗುಲಾಮಗಿರಿಯೋ ಎಂದು ನಾನು ಬಹಳ ವರ್ಷ ಜಗಳವಾಡಿದ್ದೇನೆ, ನನ್ನೊಳಗೇ. ಈಗಲೂ ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಆ ಮನುಷ್ಯನ ಮೊಮ್ಮಗ ಬೆರಳು ಮರಗಟ್ಟಿತೆಂದು ಒಂದು ಪೈಪು ಬಿಚ್ಚದೆ ಬಂದು "ಎಲ್ಲಾ ಆಯ್ತು" ಅಂದ.

ಈ ಸಲ ಆಗಸ್ಟ್‌ನಲ್ಲಿ ಬಂದ ಮೂರನೇ ದಿನ ನೆಲಮಾಳಿಗೆಗೆ ಇಳಿದು ಆ ಹುಡುಗನಿಗೆ ಹೇಳಿದೆ. ಪೈಪು ಬಿಚ್ಚದವನು ನಾನು, ಬಿಚ್ಚಿದೆ ಎಂದು ಸುಳ್ಳು ಹೇಳಿದವನೂ ನಾನು ಎಂದೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ, ಮಗಳನ್ನು ಜೊತೆಗೆ ಕರೆಯಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಪರವಾಗಿಲ್ಲ ಅನ್ನಲಿಲ್ಲ. ಡೈರಿಯನ್ನು ತಂದು ತೋರಿಸಿದ. ಪುಟಗಳು ಒಣಗಿ ಅಲೆಅಲೆಯಾಗಿದ್ದವು, ನೀಲಿ ಹರಡಿತ್ತು. ಕೆಲವು ಕಡೆ ಒಂದೆರಡು ಪದ ಉಳಿದಿದ್ದವು, ಅವನ್ನು ಓದಿ ಹೇಳಿದ. ಮೇಲೆ ಬಂದು ಮಗಳಿಗೂ ಹೇಳಿದೆ. "ಗೊತ್ತಿತ್ತಪ್ಪ" ಅಂದಳು.

ಪ್ಲಂಬರ್ ರಿಪೇರಿ ಮಾಡುವಾಗ ನೆಲಮಾಳಿಗೆಯ ಸೂರಿನಲ್ಲಿ, ಆ ಹುಡುಗನ ಕೋಣೆಯ ಹೊರಗೆ, ಹಿಂದಿನ ನಲ್ಲಿಗೆಂದೇ ಒಂದು ವಾಲ್ವ್ ಕೂರಿಸಿದ್ದಾನೆ. ಪಕ್ಕದಲ್ಲಿ ನೀರು ಬಸಿಯಲು ಒಂದು ಪುಟ್ಟ ಮುಚ್ಚಳ. ನವೆಂಬರ್ ಕೊನೆಗೆ ನಾನು ಊರಿಗೆ ಹೊರಡುತ್ತೇನೆ. ಮುಂದಿನ ಅಕ್ಟೋಬರ್‌ಗೆ ಬರುತ್ತೇನೋ ಇಲ್ಲವೋ. ಹಾಗಾಗಿ ನಿನ್ನೆ ಸಂಜೆ, ಬೆಳಕಿರುವಾಗಲೇ, ಅವನನ್ನು ಕರೆದೆ. ಮೊದಲು ಹೊರಗೆ ಹೋಗಿ ಇಬ್ಬರೂ ಪೈಪು ಬಿಚ್ಚಿದೆವು. ಹಿತ್ತಾಳೆ ತಿರುಪು ಈ ಸಲವೂ ಬಿಗಿಯಾಗಿತ್ತು, ಇಕ್ಕಳ ತಂದೆವು. ಆಮೇಲೆ ಕೆಳಗೆ ಬಂದು, ವಾಲ್ವ್ ಯಾವ ಕಡೆ ತಿರುಗಿಸಬೇಕು, ಎಷ್ಟು ತಿರುಗಿಸಿದರೆ ಸಾಕು, ಕೈಗೆ ಹೇಗೆ ಗೊತ್ತಾಗುತ್ತದೆ ಎಂದು ತೋರಿಸಿದೆ. ಅವನೇ ತಿರುಗಿಸಿದ. ನಾನು ಮೇಲೆ ಹೋಗಿ ಹೊರಗಿನ ನಲ್ಲಿ ತೆರೆದಿಟ್ಟು ಬಂದೆ. ಮುಚ್ಚಳ ಸಡಿಲಿಸಿದಾಗ ಕೊಳವೆಯಲ್ಲಿ ಉಳಿದ ನೀರು ಬಕೆಟ್ಟಿಗೆ ಬಿತ್ತು. ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ. ಕೊನೆಯ ಹನಿ ನಿಲ್ಲುವವರೆಗೆ ಇಬ್ಬರೂ ಕಾದೆವು. ಒಂದು ಚೊಂಬಿನಷ್ಟು ಇರಬಹುದು. ಮೇಲೆ ತಂದು ಅರಳಿ ಕುಂಡಕ್ಕೆ ಹಾಕಿದೆ.

ಜೈ ಭೀಮ್.